ನೆರೆಮನೆಯ ಹಾಡು

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಪಿರಿಯಾಪಟ್ಟಣವನ್ನು ದಾಟಿ ಕುಶಾಲನಗರವನ್ನು ಸೇರುವ ಮುನ್ನ ಬೈಲಕುಪ್ಪೆಯು ಸಿಕ್ಕುವುದು. ಅಲ್ಲಿಯ ಸುವರ್ಣ ದೇವಾಲಯವನ್ನು ನೋಡಲು ನಮ್ಮ ಶಾಲೆಗಳ ಮಕ್ಕಳು ಗುಂಪುಗುಂಪಾಗಿ ಹೋಗುವರು. ಆದರೆ ಆ ಗೋಪುರದ ನೆರಳಿನಲ್ಲಿ ಬಾಳುವ ಜನರ ಕಾವ್ಯವೇನು, ಗಾನವೇನು ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ?

1959ರ ಬಳಿಕ ತಾಯ್ನಾಡನ್ನು ತೊರೆದು ಬಂದ ಟಿಬೇಟಿನ ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯವು ಇಲ್ಲಿ ಸುಮಾರು 3,000 ಎಕರೆ ನೆಲವನ್ನು ಒದಗಿಸಿತು. ಕಾಡು ಕಡಿದು, ಮುಸುಕಿನ ಜೋಳವನ್ನು ಬೆಳೆದು ನೆಲೆನಿಂತ ಆ ಜನರು ಹೊಟ್ಟೆಯ ಚಿಂತೆಯೊಡನೆ ನುಡಿಯ ಚಿಂತೆಯನ್ನೂ ಮಾಡಿದರು. ಮಠಗಳನ್ನು ಕಟ್ಟಿ ಗ್ರಂಥಗಳನ್ನು ಉಳಿಸಿಕೊಂಡರು. ಆರು ತಂತಿಗಳ ‘ಡ್ರಾನ್ಯೆನ್’ ವಾದ್ಯದ ಹಾಡನ್ನೂ, ‘ಲ್ಹಾಮೊ’ ಎಂಬ ಗೇಯನಾಟಕವನ್ನೂ ಈ ವಲಸೆಯ ಜನರು ಕೈಬಿಡಲಿಲ್ಲ. ನಮ್ಮ ಬಯಲಾಟದಂತೆ ಅದನ್ನೂ ಬಯಲಿನಲ್ಲಿಯೇ ಆಡುವರು. ವೇಷಕ್ಕೆ ಮೊಗವಾಡ, ಮೇಳಕ್ಕೆ ಡೋಲು ಮತ್ತು ತಾಳ, ಇಷ್ಟೇ ಸಾಮಗ್ರಿ.

ಇದು ಪರಕೀಯರ ಮಾತೆಂದು ವಾಚಕರು ತಿಳಿಯಬಾರದು. ನಮ್ಮ ಕವಿರಾಜಮಾರ್ಗವು ದಂಡಿಯ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಆಶ್ರಯಿಸಿತೆಂಬುದನ್ನು ಉಪಾಧ್ಯಾಯರು ಬಲ್ಲರು. ಅದೇ ಕಾವ್ಯಾದರ್ಶವು 13ನೆಯ ಶತಮಾನದಲ್ಲಿ ಟಿಬೇಟಿನ ಭಾಷೆಗೆ ಅನುವಾದಗೊಂಡು ಅಲ್ಲಿಯ ಕವಿಗಳಿಗೂ ಲಕ್ಷಣಗ್ರಂಥವಾಯಿತು. ಒಬ್ಬನೇ ಗುರುವಿನ ಇಬ್ಬರು ಶಿಷ್ಯರು ಒಂದೇ ತಾಲ್ಲೂಕಿನಲ್ಲಿದ್ದೂ ಪರಸ್ಪರ ಅರಿಯದಿರುವುದು ವಿಷಾದದ ಸಂಗತಿಯಲ್ಲವೆ?

ರಾಜ್ಯವಿಲ್ಲದ ನುಡಿಗೆ ಹಾಡೇ ಕೋಟೆ. ಉತ್ತರ ಆಫ್ರಿಕದ ಬರ್ಬರ ಜನರನ್ನು ನೋಡಿರಿ. 1980ರಲ್ಲಿ ಅಲ್ಜೀರಿಯದ ಸರಕಾರವು ಅವರ ಪ್ರಾಚೀನ ಕಾವ್ಯವನ್ನು ಕುರಿತು ಮೌಲೂದ್ ಮಮ್ಮೇರಿ ಎಂಬ ವಿದ್ವಾಂಸರು ಮಾಡಲಿದ್ದ ಒಂದು ಉಪನ್ಯಾಸವನ್ನು ನಿಷೇಧಿಸಿತು. ಜನರು ಕೆರಳಿ ಎದ್ದರು. ಅವರ ಭಾಷೆಗೆ ಮೊರಾಕ್ಕೊದಲ್ಲಿ 2011ರಲ್ಲಿಯೂ ಅಲ್ಜೀರಿಯದಲ್ಲಿ 2016ರಲ್ಲಿಯೂ ಅಧಿಕೃತ ಪದವಿಯು ದೊರೆಯಿತು. ನಮ್ಮ ಕಥೆಯಾದರೂ ಬೇರೆಯೇ? ಹುಯಿಲಗೋಳ ನಾರಾಯಣರಾಯರ ನಾಡಗೀತವು ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಮೊಳಗಿದ್ದು 1924ರಲ್ಲಿ. ನಾಡು ಒಂದಾದದ್ದು 1956ರಲ್ಲಿ. ಹಾಡು ಮೊದಲು, ಗಡಿ ಅನಂತರ.

ಪರರ ನುಡಿಯನ್ನು ಆದರಿಸಿದರೆ ಕನ್ನಡಕ್ಕೆ ಕುಂದೆಂದು ಶಂಕಿಸುವವರು ಉಂಟು. ಆ ಶಂಕೆಯಲ್ಲಿ ಹುರುಳಿಲ್ಲ. ಒಡೆದು ಹಂಚಿಹೋಗಿದ್ದ ಜನರ ನೋವನ್ನು ಉಂಡವರು ನಾವು. ನೆಲವನ್ನೇ ಕಳೆದುಕೊಂಡವರ ನೋವು ನಮಗೆ ತಿಳಿಯದಿದ್ದರೆ ಇನ್ನಾರಿಗೆ ತಿಳಿದೀತು? ಇಂದು ಬೈಲಕುಪ್ಪೆಯ ತರುಣರು ಉದ್ಯೋಗಕ್ಕಾಗಿ ದೂರದ ದೇಶಗಳಿಗೆ ತೆರಳುತ್ತಿರುವರು. ಹಾಡುವ ಹಿರಿಯರು ಮುಪ್ಪಾಗುತ್ತಿರುವರು. ಕಾಲವು ಕಾಯುವುದಿಲ್ಲ.

ಆದುದರಿಂದ ಉಪಾಧ್ಯಾಯ ಮಹಾಶಯರಲ್ಲಿ ನಮ್ಮ ವಿನಂತಿಯಿದು: ಮುಂದಿನ ಪ್ರವಾಸದಲ್ಲಿ ಮಕ್ಕಳಿಗೆ ಗೋಪುರವನ್ನು ತೋರಿಸಿ ಹಿಂದಿರುಗಬೇಡಿರಿ, ಅಲ್ಲಿಯ ಒಬ್ಬ ಹಿರಿಯರಿಂದ ಒಂದು ಹಾಡನ್ನು ಕೇಳಿಸಿರಿ, ಮರಳಿ ಒಂದು ಕನ್ನಡದ ಹಾಡನ್ನು ಹಾಡಿಸಿರಿ. ಸಾಹಿತ್ಯ ಸಂಘಗಳು ಅವರ ಕವಿಗಳನ್ನು ವೇದಿಕೆಗೆ ಕರೆಯಲಿ, ಅವರ ಕಾವ್ಯವನ್ನು ಕನ್ನಡಕ್ಕೆ ತರಲಿ. ನೆಲವನ್ನು ಕೊಟ್ಟ ನಾಡು ಕಿವಿಯನ್ನೂ ಕೊಡಲಿ.