ತೂಕಕ್ಕೆ ಲೆಕ್ಕವಿದೆ, ಲೋಹದ ಸ್ಥಿತಿಗೆ ಲೆಕ್ಕವೆಲ್ಲಿ?

ವರ್ಷಾಂತ್ಯದ ದಾಸ್ತಾನು ಪರಿಶೀಲನೆಗೆಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಕಬ್ಬಿಣದ ಅಂಗಡಿಗಳಿಗೂ ಸಣ್ಣ ಕಾರ್ಖಾನೆಗಳಿಗೂ ಹೋದಾಗಲೆಲ್ಲ ಒಂದು ಕೊರತೆಯನ್ನು ಗಮನಿಸುತ್ತ ಬಂದಿದ್ದೇನೆ. ದಾಸ್ತಾನು ಪುಸ್ತಕದಲ್ಲಿ ತೂಕ, ದರ, ಮೌಲ್ಯಗಳಿಗೆ ಅಂಕಣಗಳಿವೆ. ಲೋಹದ ಸ್ಥಿತಿಗೆ ಅಂಕಣವಿಲ್ಲ.

ಅಕ್ಕಿ ಗಿರಣಿಗಳ ಬಿಡಿಭಾಗ ತಯಾರಿಸುವ ನನ್ನ ಕಕ್ಷಿದಾರರೊಬ್ಬರು ಒಮ್ಮೆ ಅಗ್ಗದ ದರಕ್ಕೆ ಷೀಟು ಖರೀದಿಸಿದರು. ಬಾಗಿಸುವಾಗ ಅಂಚುಗಳು ಬಿರುಕುಬಿಟ್ಟು ಬಹುಪಾಲು ಮಾಲು ಗುಜರಿಗೆ ಹೋಯಿತು. ಆ ನಷ್ಟವನ್ನು ಕೆಲಸಗಾರರ ಅಜಾಗರೂಕತೆಯೆಂದು ಬರೆದಿಡಲಾಯಿತು. ವಾಸ್ತವದಲ್ಲಿ ಅದು ತಣ್ಣಗಿರುವಾಗಲೇ ಉರುಳೆಗಳ ನಡುವೆ ತೆಳುವಾಗಿಸಿ, ಮತ್ತೆ ಕಾಯಿಸಿ ಮೆದುಗೊಳಿಸದೆ ಬಿಟ್ಟ ಗಡಸು ಷೀಟಾಗಿತ್ತು. ತಪ್ಪು ಕೈಯಲ್ಲಿರಲಿಲ್ಲ, ಲೋಹದೊಳಗಿತ್ತು.

ಇದರ ಕಾರಣವನ್ನು ಲೆಕ್ಕಪತ್ರದ ಭಾಷೆಯಲ್ಲಿಯೇ ಹೇಳಬಹುದು. ತಂತಿಯನ್ನು ತುಸು ಬಾಗಿಸಿ ಬಿಟ್ಟರೆ ಅದು ಮೊದಲಿನಂತಾಗುತ್ತದೆ; ಹಾಕಿದ ಶಕ್ತಿ ಹಿಂದಿರುಗುತ್ತದೆ. ಮಿತಿ ಮೀರಿ ಬಾಗಿಸಿದರೆ ಆಕಾರ ಶಾಶ್ವತವಾಗಿ ಬದಲಾಗುತ್ತದೆ. ಆ ಬದಲಾವಣೆಗೆ ತೆತ್ತ ಶಕ್ತಿ ಹಿಂದಿರುಗುವುದಿಲ್ಲ. ಅದು ಎಲ್ಲಿಗೆ ಹೋಗುತ್ತದೆಂಬುದನ್ನು ಇಂಗ್ಲೆಂಡಿನ ವಿಜ್ಞಾನಿಗಳಾದ ಟೇಲರ್ ಮತ್ತು ಕ್ವಿನ್ನಿ ಅವರು 1934ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅಳೆದು ತೋರಿಸಿದರು. ಲೋಹದಿಂದ ಲೋಹಕ್ಕೆ, ಸನ್ನಿವೇಶದಿಂದ ಸನ್ನಿವೇಶಕ್ಕೆ ವ್ಯತ್ಯಾಸವಿದ್ದರೂ, ಸ್ಥೂಲವಾಗಿ ನೂರರಲ್ಲಿ ತೊಂಬತ್ತು ಪಾಲು ಶಾಖವಾಗಿ ಖರ್ಚು ಬೀಳುತ್ತದೆ. ಉಳಿದ ಹತ್ತು ಪಾಲು ಪರಮಾಣುಗಳ ಸಾಲುಗಳಲ್ಲಿನ ತೊಡಕಾಗಿ ಲೋಹದೊಳಗೇ ನಿಲ್ಲುತ್ತದೆ. ಅದೇ ಆಖೈರು ಶಿಲ್ಕು. ಈ ಶಿಲ್ಕು ಹೆಚ್ಚಿದಂತೆ ಲೋಹ ಗಡುಸಾಗುತ್ತದೆ, ಜೊತೆಗೆ ಬಾಗುವ ಗುಣ ಕುಗ್ಗುತ್ತದೆ. ಒಂದೇ ಬಾಬ್ತು ಆಸ್ತಿಯೂ ಹೌದು, ಹೊಣೆಯೂ ಹೌದು.

ಒಂದು ಅಂದಾಜು ನೋಡೋಣ. 5.5 ಮಿ.ಮೀ. ಉಕ್ಕಿನ ತಂತಿಯನ್ನು 4 ಮಿ.ಮೀ.ಗೆ ಎಳೆಯಲು, ಘರ್ಷಣೆ ಮತ್ತು ಮೋಟಾರಿನ ನಷ್ಟ ಬಿಟ್ಟು, ಟನ್ನಿಗೆ ಸುಮಾರು 12 ಯೂನಿಟ್ ಶಕ್ತಿ ಬೇಕು. ಅದರಲ್ಲಿ ಒಳಗುಳಿಯುವುದು ಒಂದು ಯೂನಿಟ್ಟಿನ ಆಸುಪಾಸು ಮಾತ್ರ. ಆದರೆ ಆ ಒಂದು ಯೂನಿಟ್ಟಿನ ಗಡಸುತನವನ್ನು ಕಳೆಯಲು ತಂತಿಯನ್ನು 700 ಡಿಗ್ರಿ ಸೆಲ್ಸಿಯಸ್‌ನವರೆಗೆ ಕಾಯಿಸಬೇಕಾದರೆ, ಕುಲುಮೆಯ ನಷ್ಟ ಸೇರಿಸದೆಯೇ ಟನ್ನಿಗೆ 110 ಯೂನಿಟ್ಟಿಗೂ ಮಿಕ್ಕಿದ ಶಾಖ ಬೇಕಾಗುತ್ತದೆ. ಒಂದು ರೂಪಾಯಿ ಸಾಲ ತೀರಿಸಲು ನೂರು ರೂಪಾಯಿ ವೆಚ್ಚ ಮಾಡಿದಂತೆ! ಆದ್ದರಿಂದಲೇ ಗಡಸುತನವೇ ಬೇಕಾದ ಮೊಳೆಯ ತಂತಿಯನ್ನು ಕಾಯಿಸುವುದಿಲ್ಲ. ಕೈಯಲ್ಲಿ ಸುತ್ತಬೇಕಾದ ಬೈಂಡಿಂಗ್ ವೈರನ್ನು ಕಾಯಿಸಿಯೇ ಮಾರುತ್ತಾರೆ.

ನಮ್ಮ ಹಳ್ಳಿಗಳ ಕಮ್ಮಾರರು ಕುಂಟೆಯ ಕುಡವನ್ನು ಬಡಿಯುವಾಗ ಪದೇ ಪದೇ ಕೆಂಡಕ್ಕೆ ಇಡುವುದು ಇದೇ ತತ್ವದಿಂದ. ಗಿಣಿಗೇರಾದಂತಹ ಉಕ್ಕಿನ ಕಾರ್ಖಾನೆಗಳಲ್ಲಿಯೂ ಕೆಂಪಗೆ ಕಾದ ಉಕ್ಕನ್ನು ಉರುಳೆಗಳಿಗೆ ಕೊಡುತ್ತಾರೆ. ಆ ಶಾಖದಲ್ಲಿ ಒಳಗಿನ ತೊಡಕು ಆಗಿಂದಾಗಲೇ ಬಿಡಿಸಿಕೊಳ್ಳುತ್ತದೆ. ಹಿಂದೆ ನಮ್ಮ ಅಂಗಡಿಗಳಲ್ಲಿ ಮಾರುತ್ತಿದ್ದ ಟೋರ್ ಸರಳಿಗೆ ತಣ್ಣಗೆ ತಿರುಚಿ ಬಲ ತುಂಬುತ್ತಿದ್ದರು, ಆದರೆ ಹಿಗ್ಗುವ ಗುಣದಲ್ಲಿ ನಷ್ಟವಾಗುತ್ತಿತ್ತು. ಟಿ.ಎಂ.ಟಿ. ಸರಳಿಗೆ ಬಲ ಬರುವುದು ಬಿಸಿಯಿರುವಾಗಲೇ ಮೇಲ್ಮೈಯನ್ನು ನೀರಿನಿಂದ ತಣಿಸುವುದರಿಂದ. ಹಳೆಯ ಕಟ್ಟಡದಿಂದ ಕಿತ್ತು, ನೇರಮಾಡಿ, ಹೊಸ ಸರಳಿನೊಡನೆ ಬೆರೆಸಿ ಮಾರುವ ಸರಳಿನ ಮಾತು ಬೇರೆ. ಪ್ರತಿ ಬಾಗು, ಪ್ರತಿ ನೆಟ್ಟಗೆಯೂ ಅದರ ಹೊಣೆಯ ಶಿಲ್ಕಿಗೆ ಸೇರಿರುತ್ತದೆ. ಅದನ್ನು ಕೊನೆಗೆ ತೀರಿಸುವವನು ಮನೆ ಕಟ್ಟಿಸಿದ ಗ್ರಾಹಕ. ಸರಳುಗಳಿಗೆ ಐ.ಎಸ್. 1786 ಮಾನಕವು ಬಾಗು ಮತ್ತು ಮರುಬಾಗು ಪರೀಕ್ಷೆಗಳನ್ನು ವಿಧಿಸಿರುವುದು ನಿಷ್ಕಾರಣವಲ್ಲ.

ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನನ್ನು ಅಸಲು ವೆಚ್ಚ ಅಥವಾ ಮಾರಿದರೆ ಕೈಗೆ ಬರುವ ನಿವ್ವಳ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಸ್ಥಿತಿಯೇ ತಿಳಿಯದಿದ್ದರೆ ಆ ಮೌಲ್ಯವನ್ನು ಪ್ರಾಮಾಣಿಕವಾಗಿ ಕಟ್ಟುವುದಾದರೂ ಹೇಗೆ?

ಸಣ್ಣ ಉದ್ಯಮಿಗೆ ಪ್ರಯೋಗಾಲಯವಿಲ್ಲ, ಸಮಯವೂ ಇಲ್ಲವೆಂಬ ಆಕ್ಷೇಪ ಸಹಜವೇ. ಆದರೆ ನಾನು ಕೋರುತ್ತಿರುವುದು ಪ್ರಯೋಗಾಲಯವನ್ನಲ್ಲ. ದಾಸ್ತಾನು ಪುಸ್ತಕದಲ್ಲಿ ಒಂದು ಅಂಕಣ ಸೇರಿಸಿ, 'ಗಡಸು', 'ಕಾಯಿಸಿದ್ದು', 'ನೇರಮಾಡಿದ್ದು' ಎಂದು ನಮೂದಿಸಿರಿ. ಖರೀದಿಯ ಬಿಲ್ಲಿನೊಡನೆ ಕಾರ್ಖಾನೆಯ ಪರೀಕ್ಷಾ ಪ್ರಮಾಣಪತ್ರ ಪಡೆಯಿರಿ. ಲಾಟು ಸ್ವೀಕರಿಸುವ ಮೊದಲು ಒಂದು ತುಂಡನ್ನು ಬಾಗಿಸಿ ನೋಡಿರಿ. ಗುಜರಿಯ ನಷ್ಟವನ್ನು ಕೆಲಸಗಾರರ ಹೆಸರಿಗೆ ಬರೆಯುವ ಮುನ್ನ ಆ ಅಂಕಣವನ್ನು ಓದಿರಿ.

ಲೋಹವು ತನಗೆ ಬಿದ್ದ ಪ್ರತಿಯೊಂದು ಪೆಟ್ಟಿನ ಲೆಕ್ಕವನ್ನೂ ಇಡುತ್ತದೆ. ಅದರ ಖಾತೆಗೂ ನಮ್ಮ ಖಾತೆಗೂ ತಾಳೆಯಾಗಬೇಕೆಂಬುದೇ ವರ್ತಕ ಹಾಗೂ ಉದ್ಯಮಿ ಬಾಂಧವರಲ್ಲಿ ನನ್ನ ಅರಿಕೆ.