ನಮ್ಮ ಹೊಲದ ಸುದ್ದಿ ಕೇಳಿದಿರಲ್ಲ, ಪಹಣಿ ಸಮೇತ ಹೇಳ್ತೀನಿ



ಹೋದ ವಾರ ಪರಿಚಯದವರೊಬ್ಬರು ಮೆಸೇಜ್ ಹಾಕಿದ್ರು: "ಯಾವಾಗ ನೋಡಿದ್ರೂ ಧರಣಿ, ಮನವಿ, ಖಂಡನೆ. ಹೊಲ ಇರೋರು ನೀವು. ಮಳೆ ಬೆಳೆ, ಮನೆಯವರ ಸುದ್ದಿ ಒಂಚೂರು ಬರೀರಿ ಮೇಡಂ. ಹಳ್ಳಿ ಜೀವನ ಎಷ್ಟು ಚೆಂದ!" ಒಳ್ಳೆ ಮನಸ್ಸಿಂದಲೇ ಕೇಳಿದ್ದಾರೆ. ಹಾಗಾಗಿ ಯುಗಾದಿಯಿಂದ ಸಂಕ್ರಾಂತಿವರೆಗಿನ ನಮ್ಮ ಹೊಲದ ಸುದ್ದಿ ಹೇಳ್ತೀನಿ. ಪೂರ್ತಿ ಓದಿ. ಓದಿದ ಮೇಲೂ ಚೆಂದ ಅನ್ನಿಸಿದ್ರೆ ತಿಳಿಸಿ.

ಮೊದಲು ಪರಿಚಯ. ನಂಜನಗೂಡು ತಾಲ್ಲೂಕು, ಕಬಿನಿ ಬಲದಂಡೆ ನಾಲೆಯಿಂದ ಕವಲೊಡೆದು ಬರೋ ಒಂದು ಸಣ್ಣ ಕಾಲುವೆಯ ಕಟ್ಟಕಡೆ. ವಿಸ್ತೀರ್ಣ 1 ಎಕರೆ 2 ಗುಂಟೆ. ಅದರಲ್ಲಿ ಗೇಯೋರು ಅಪ್ಪ, ಅವ್ವ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ಚಿಕ್ಕತ್ತೆ. ಚಿಕ್ಕಪ್ಪಂದಿರಲ್ಲಿ ಒಬ್ಬರು ಮೈಸೂರಿನಲ್ಲಿ ಗಾರೆ ಕೆಲಸ, ಇನ್ನೊಬ್ಬರು ಫ್ಯಾಕ್ಟರಿಯಲ್ಲಿ ಗುತ್ತಿಗೆ ಕಾರ್ಮಿಕ. ದೊಡ್ಡತ್ತೆಯನ್ನ ಕೊಟ್ಟಿರೋದು ತಿ. ನರಸೀಪುರ ತಾಲ್ಲೂಕಿನ ಹೊಳೆ ದಂಡೆ ಊರಿಗೆ. ಪಹಣಿಯಲ್ಲಿ ಇವರ್ಯಾರ ಹೆಸರೂ ಇಲ್ಲ. ಅಲ್ಲಿರೋದು ನಮ್ಮ ತಾತನ ಹೆಸರು. ತಾತ ತೀರಿಕೊಂಡಿದ್ದು 1996ರಲ್ಲಿ.

ಈಗ ವರ್ಷದ ಸುದ್ದಿ.

ಯುಗಾದಿ. ನಮ್ಮ ಕಡೆ ಅವತ್ತು ಹೊನ್ನಾರು. ಎತ್ತಿನ ಕೊಂಬಿಗೆ ಬಣ್ಣ, ಕೊರಳಿಗೆ ಹೂವು, ನೇಗಿಲಿಗೆ ಪೂಜೆ, ವರ್ಷದ ಮೊದಲ ಸಾಲು. ಫೋಟೋ ಬಹಳ ಚೆನ್ನಾಗಿ ಬರುತ್ತೆ. ನಮ್ಮೂರಲ್ಲಿ ಆ ಎತ್ತುಗಳು ಊರೊಳಗಿನ ದೇವಸ್ಥಾನದ ಮುಂದಿಂದ ಹೊರಡ್ತವೆ, ನಮ್ಮ ಕೇರಿಯ ಎತ್ತು ಅಲ್ಲಿ ಯಾವತ್ತೂ ನಿಂತಿಲ್ಲ. ಅಪ್ಪ ನಮ್ಮ ಹೊಲದಲ್ಲಿ ಒಬ್ಬರೇ ಹೂಡ್ತಿದ್ರು. ಈಗ ಎತ್ತೂ ಇಲ್ಲ. ಬಾಡಿಗೆ ಟ್ರ್ಯಾಕ್ಟರು ಬರುತ್ತೆ, ಅದೂ ದೊಡ್ಡ ಹೊಲಗಳ ಉಳುಮೆ ಮುಗಿದ ಮೇಲೆ, ಒಂದೆಕರೆಗೆ ಇಷ್ಟು ದೂರ ಬರಬೇಕಾ ಅಂತ ಗೊಣಗಿಕೊಂಡು. ಭೂಮಿಯ ಹದ ಅಲ್ಲೀತನಕ ಕಾಯಲ್ಲ.

ಮುಂಗಾರು. ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ ಅಂತಾರೆ. ಮಳೆ ಬಂತು, ಅಲಸಂದೆ, ಹೆಸರು ಚೆಲ್ಲಿದ್ವಿ, ಮನೆ ಸಾರಿಗೆ ಸಾಕಾಯ್ತು. ತಮ್ಮ ಐಟಿಐ ಮುಗಿಸಿ ಬಂದು ಎರಡು ತಿಂಗಳು ಹೊಲದಲ್ಲಿದ್ದ. ಆಮೇಲೆ ಬೆಂಗಳೂರಿಗೆ ಹೋಗಿ ಡೆಲಿವರಿ ಕೆಲಸಕ್ಕೆ ಸೇರಿದ. ಯುವಕರಿಗೆ ಕೃಷಿಯಲ್ಲಿ ಆಸಕ್ತಿ ಇಲ್ಲ ಅಂತ ಭಾಷಣ ಮಾಡೋರು ಒಂದೆಕರೆಯ ಐದನೇ ಒಂದು ಪಾಲಿನಲ್ಲಿ ಅವನಿಗೆ ಬರೋ ಗುಂಟೆ ಎಷ್ಟು ಅಂತ ಲೆಕ್ಕ ಹಾಕಿ ಮಾತಾಡಲಿ.

ನೀರಿನ ಕಾಲ. ವಯನಾಡಿನಲ್ಲಿ ಮಳೆ ಹಿಡಿದರೆ ಎಚ್.ಡಿ. ಕೋಟೆಯ ಕಬಿನಿ ಜಲಾಶಯ ತುಂಬುತ್ತೆ, ಕಪಿಲೆ ಮೈದುಂಬಿದಳು ಅಂತ ಟಿವಿಯವರು ಹಾಡಿ ಹೊಗಳ್ತಾರೆ. 2018, 2019, 2024ರಲ್ಲಿ ಹೊಳೆ ಉಕ್ಕಿದಾಗ ನಂಜನಗೂಡಿನ ತಗ್ಗಿನಲ್ಲಿರೋರ ಮನೆಗೆ ನೀರು ನುಗ್ಗಿತ್ತು. ಅದೇ ನೀರು ಕೆಳಗೆ ತಿ. ನರಸೀಪುರದಲ್ಲಿ ಕಾವೇರಿ ಸೇರುತ್ತೆ. ಆಗ ದೊಡ್ಡತ್ತೆ ಮನೆಯವರು ಗಂಟುಮೂಟೆ ಕಟ್ಟಿಕೊಂಡು ಶಾಲೆ ಕಟ್ಟಡಕ್ಕೆ ಹೋಗಿದ್ರು. ಹೊಳೆ ದಂಡೆ ಊರಲ್ಲಿ ದಿಬ್ಬದ ಮೇಲಿನ ಮನೆ ಯಾರದ್ದು, ತಗ್ಗಿನ ಮನೆ ಯಾರದ್ದು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅತ್ತ ಅತ್ತೆ ಮನೆಗೆ ನೀರು ನುಗ್ಗೋ ವರ್ಷವೂ ಇತ್ತ ನಮ್ಮ ಗದ್ದೆಗೆ ನೀರು ಬರೋದು ಎಲ್ಲರಿಗಿಂತ ಕೊನೆಗೆ. ಮೇಲಿನವರ ಗದ್ದೆ ತುಂಬಿ, ಅವರ ನಾಟಿ ಮುಗಿದು, ಉಳಿದಿದ್ದು ನಮಗೆ. ಅಷ್ಟೊತ್ತಿಗೆ ಒಟ್ಲಲ್ಲಿ ಪೈರು ಬಲಿತಿರುತ್ತೆ. ಬಲಿತ ಪೈರು ನಾಟಿ ಮಾಡಿದ್ರೆ ತೆಂಡೆ ಒಡೆಯೋದು ಕಮ್ಮಿ, ಇಳುವರಿ ಕಮ್ಮಿ.

ಇದರ ವ್ಯಂಗ್ಯ ನೋಡಿ. ಈ ಸೀಮೆಯಲ್ಲಿ ಕೆರೆ ತೂಬು ಎತ್ತಿ, ಸರದಿ ಪ್ರಕಾರ ಗದ್ದೆ ಗದ್ದೆಗೆ ನೀರು ಕಟ್ಟುತ್ತಿದ್ದ ನೀರಗಂಟಿಗಳು ಬಹುಪಾಲು ನಮ್ಮವರೇ. ಊರ ನೀರೆಲ್ಲ ನಮ್ಮ ಕೈಯಿಂದ ಹರಿಯಿತು. ಕೈಗೆ ಸಿಕ್ಕಿದ್ದು ಚೂರುಪಾರು ಇನಾಂ ಭೂಮಿ. ತೋಟಿ, ತಳವಾರ, ನೀರಗಂಟಿ ಹುದ್ದೆಗಳನ್ನ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ತೆಗೆದುಹಾಕಿತು. ಬಿಟ್ಟಿಚಾಕರಿ ಕಾನೂನಿನಲ್ಲಿ ಹೋಯ್ತು, ಬಹಳ ಒಳ್ಳೇದಾಯ್ತು. ಆದರೆ ಕಾಲುವೆಯ ಮೇಲ್ತಲೆಯ ಜಮೀನು ಯಾರ ಕೈಲಿತ್ತೋ ಅವರ ಕೈಲೇ ಉಳೀತು.

ಕೊಯ್ಲು. ಜ್ಯೋತಿ ಭತ್ತ 21 ಕ್ವಿಂಟಾಲ್ ಆಯ್ತು. 6 ಮನೆಗಿಟ್ಟು 15 ಮಾರಿದ್ವಿ. 2025-26ರ ಸಾಲಿನಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ 2,369 ರೂಪಾಯಿ ಇತ್ತು. ನಾವು ಮಾರಿದ್ದು ಮನೆ ಬಾಗಿಲಿಗೆ ಬಂದ ದಲ್ಲಾಳಿಗೆ, 1,900ಕ್ಕೆ. ಯಾಕೆ? ಖರೀದಿ ಕೇಂದ್ರದಲ್ಲಿ ನೋಂದಣಿಗೆ ಫ್ರೂಟ್ಸ್ ಐಡಿ ಬೇಕು. ಫ್ರೂಟ್ಸ್ ಐಡಿಗೆ ಪಹಣಿ ಬೇಕು. ಪಹಣಿಯಲ್ಲಿರೋ ತಾತ ಬಂದು ಹೆಬ್ಬೆಟ್ಟು ಒತ್ತೋಕಾಗಲ್ಲ. ಕ್ವಿಂಟಾಲಿಗೆ 469 ರೂಪಾಯಿ, 15 ಕ್ವಿಂಟಾಲಿಗೆ 7,035 ರೂಪಾಯಿ ಹೋಯ್ತು. ಪಿಎಂ ಕಿಸಾನ್‌ನ ವರ್ಷದ 6,000 ಬರಲ್ಲ. ಎರಡೂ ಸೇರಿ 13,035. ಬೆಳೆ ವಿಮೆ, ಬೆಳೆ ಸಾಲ, ಗಂಗಾ ಕಲ್ಯಾಣದ ಕೊಳವೆಬಾವಿ, ಇವನ್ನ ಲೆಕ್ಕಕ್ಕೇ ಹಿಡಿದಿಲ್ಲ. ಸರ್ಕಾರದ ಕಣ್ಣಲ್ಲಿ ನಮ್ಮನೆಯಲ್ಲಿ ರೈತರೇ ಇಲ್ಲ. ಇದ್ದ ಒಬ್ಬ ರೈತ ಸತ್ತು ಸುಮಾರು 30 ವರ್ಷ ಆಯ್ತು.

ಪೌತಿ ಖಾತೆ ಮಾಡಿಸಿಕೊಳ್ಳಿ ಅಂತ ನೀವು ಹೇಳಬಹುದು. ಸರ್ಕಾರವೂ ಪೌತಿ ಖಾತೆ ಆಂದೋಲನ ಅಂತ ಶುರು ಮಾಡಿದೆ, ಗ್ರಾಮ ಆಡಳಿತ ಅಧಿಕಾರಿಗಳು ಮನೆ ಬಾಗಿಲಿಗೇ ಬರ್ತಾರೆ ಅಂತಿದೆ. ಮರಣ ಪ್ರಮಾಣಪತ್ರ ಸಿಕ್ತು, ವಂಶವೃಕ್ಷವೂ ಆಯ್ತು. ಅಲ್ಲೇ ನಮ್ಮನೆಯ ಈ ವರ್ಷದ ದೊಡ್ಡ ಸುದ್ದಿ ಇರೋದು.

ವಂಶವೃಕ್ಷದಲ್ಲಿ ಐದು ಹೆಸರು. ಮೂರು ಗಂಡು, ಎರಡು ಹೆಣ್ಣು. ಚಿಕ್ಕಪ್ಪಂದಿರು ಹೇಳಿದ್ದು: "ಮದ್ವೆ ಮಾಡ್ಕೊಟ್ಟಿವಿ, ಇನ್ನೇನ್ ಅದ ಅವರ್ಗ ಇಲ್ಲಿ? ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕ್ಬುಡ್ಲಿ." ದೊಡ್ಡತ್ತೆ ಅಳ್ತಾ ಕೂತ್ಕೊಂಡ್ರು. ಚಿಕ್ಕತ್ತೆ ಅಳಲಿಲ್ಲ. "ಒಟ್ಲಿಗ ನಾನ್ ಬೇಕು, ನಾಟಿಗ ನಾನ್ ಬೇಕು, ಕಳ ಕೀಳಕ ನಾನ್ ಬೇಕು, ಕಾಗದಕ್ ಮಾತ್ರ ಬ್ಯಾಡ್ವಾ?" ಅಂದ್ರು. ಸೈನ್ ಹಾಕಿಲ್ಲ. ಚಿಕ್ಕಪ್ಪಂದಿರು ಈ ಸಂಕ್ರಾಂತಿಗೆ ಮನೆಗೆ ಬಂದಿಲ್ಲ.

ನಾನು ನಮ್ಮ ಅತ್ತೆಯರ ಜೊತೆಗಿದ್ದೀನಿ. ಐದು ಪಾಲಾದ್ರೆ ನಮ್ಮಪ್ಪನ ಪಾಲಿಗೆ ಬರೋದು 8 ಗುಂಟೆ ಚಿಲ್ಲರೆ, ಮೂರು ಪಾಲಾದ್ರೆ 14 ಗುಂಟೆ. ಆ 5 ಗುಂಟೆ ಚಿಲ್ಲರೆ ನಮ್ಮದಲ್ಲ. ಗದ್ದೆ ತುಂಡು ಮಾಡೋದು ಬೇಡ, ಐದೂ ಹೆಸರಲ್ಲಿ ಜಂಟಿ ಖಾತೆ ಆಗಲಿ, ಈಗ ಗೇಯ್ತಿರೋರೇ ಗೇಯಲಿ, ಬಂದಿದ್ದನ್ನ ಹಂಚಿಕೊಳ್ಳೋಣ. ಇದನ್ನೇ ಮನೆಯಲ್ಲಿ ಹೇಳಿದ್ದೀನಿ, ಇಲ್ಲೂ ಹೇಳ್ತಿದ್ದೀನಿ.

ಇದು ನಮ್ಮೊಬ್ಬರ ಮನೆ ಜಗಳ ಆಗಿದ್ರೆ ಇಲ್ಲಿ ಬರೀತಿರಲಿಲ್ಲ. ಕೇರಿ ಕೇರಿಯಲ್ಲೂ ಇದೇ ನಡೀತಿದೆ. ಡಿಸೆಂಬರ್ 25 ಬಂದ್ರೆ ನಾವು ಮನುಸ್ಮೃತಿ ದಹನ ದಿನ ಆಚರಿಸ್ತೀವಿ. ಬಾಬಾಸಾಹೇಬರು 1927ರಲ್ಲಿ ಮಹಾಡದಲ್ಲಿ ಸುಟ್ಟ ಆ ಪುಸ್ತಕವನ್ನ ನಾವು ಮನೆಯ ಟ್ರಂಕಿನಲ್ಲಿ ಛಾಪಾ ಕಾಗದದ ರೂಪದಲ್ಲಿ ಇಟ್ಟುಕೊಂಡಿದ್ದೀವಿ. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಹಿಂದೂ ಕೋಡ್ ಬಿಲ್ಲಿಗಾಗಿ ಅವರು 1951ರಲ್ಲಿ ಮಂತ್ರಿ ಪದವಿಯನ್ನೇ ಬಿಟ್ಟರು. ಅವರ ಫೋಟೋ ಕೆಳಗೆ ಕೂತು ಅಕ್ಕತಂಗಿಯರ ಹೆಬ್ಬೆಟ್ಟು ಒತ್ತಿಸಿಕೊಳ್ಳೋರಿಗೆ ನಾಚಿಕೆ ಆಗಬೇಕು. ಕಾನೂನಂತೂ ಸ್ಪಷ್ಟ ಇದೆ. ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ 1956ರ ಕಾಯ್ದೆಯಿಂದಲೇ ಸಮಪಾಲು. ಪಿತ್ರಾರ್ಜಿತದಲ್ಲಿ ಕರ್ನಾಟಕದ ತಿದ್ದುಪಡಿ 1994ರಿಂದ, ದೇಶಕ್ಕೆಲ್ಲ 2005ರಿಂದ. ಮದುವೆ ಆದ ಕೂಡಲೇ ಹಕ್ಕು ಹೋಯ್ತು ಅನ್ನೋದು ಯಾವ ಕಾನೂನಿನಲ್ಲೂ ಇಲ್ಲ, ಊರ ಕಟ್ಟೆಯ ಮಾತಿನಲ್ಲಿದೆ.

ಇನ್ನು ಅಸಲಿ ಪ್ರಶ್ನೆ. ಐದು ಜನ ಕಿತ್ತಾಡೋಕೆ ಉಳಿದಿರೋದು 42 ಗುಂಟೆ ಮಾತ್ರ ಯಾಕೆ?

ಅರಸು ಕಾಲದಲ್ಲಿ ತಾತನಿಗೆ ದರಖಾಸ್ತಿನಲ್ಲಿ ಸಿಕ್ಕಿದ್ದು 2 ಎಕರೆ 4 ಗುಂಟೆ. ದೊಡ್ಡತ್ತೆ ಮದುವೆಗೆ ಅರ್ಧ ಭೋಗ್ಯಕ್ಕೆ ಹೋಯ್ತು. ಭೋಗ್ಯದ ಕಾಗದ ಆಮೇಲೆ ಕ್ರಯದ ಕಾಗದ ಆಯ್ತು. ಓದು ಬಾರದ ತಾತನಿಗೆ ಎರಡೂ ಒಂದೇ ಥರ ಕಂಡಿತ್ತು. ಇಂಥ ಮೋಸಕ್ಕೇ ಅಂತ ಬಂದಿದ್ದು 1978ರ ಪಿಟಿಸಿಎಲ್ ಕಾಯ್ದೆ. ದಲಿತರಿಗೆ, ಆದಿವಾಸಿಗಳಿಗೆ ಮಂಜೂರಾದ ಜಮೀನು ಷರತ್ತು ಮೀರಿ ಕೈ ಬದಲಾದ್ರೆ ಆ ಪರಭಾರೆ ಅಸಿಂಧು, ಜಮೀನು ವಾಪಸ್ ಕೊಡಿಸಬೇಕು ಅನ್ನುತ್ತೆ ಅದು. ಕಾಯ್ದೆ ಇದೆ ಅಂತ ನಮ್ಮ ಮನೆಗೆ ಗೊತ್ತಾಗೋಕೇ ಇಪ್ಪತ್ತು ವರ್ಷ ಹಿಡೀತು. ಅರ್ಜಿ ಹಾಕಿ, ಅಲ್ಲಿಂದ ಮೇಲ್ಮನವಿ ಆಗಿ, ಕೊನೆಗೆ ಬಂದ ಮಾತು: ತಡವಾಗಿದೆ. 2017ರಲ್ಲಿ ಸುಪ್ರೀಂ ಕೋರ್ಟು ಇಂಥ ಅರ್ಜಿ ಸಮಂಜಸ ಕಾಲದೊಳಗೆ ಬರಬೇಕು ಅಂದ ಮೇಲೆ ರಾಜ್ಯದಲ್ಲಿ ಎಷ್ಟೋ ಕುಟುಂಬಗಳ ಅರ್ಜಿ ಹೀಗೇ ಬಿದ್ದವು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತ ಮೇಲೆ 2023ರಲ್ಲಿ ತಿದ್ದುಪಡಿ ಬಂತು, ಕಾಲಮಿತಿ ಇಲ್ಲ ಅಂತ. ಅದಾದ ಮೇಲೂ ಹೈಕೋರ್ಟಿನಲ್ಲಿ ತಡ ಅನ್ನೋ ಕಾರಣಕ್ಕೇ ಅರ್ಜಿಗಳು ಬೀಳ್ತಿವೆ. ಓದು ಕೊಡದೆ ತಡ ಮಾಡಿಸಿದವರನ್ನ ಯಾರೂ ಕೇಳಲ್ಲ, ತಡವಾಗಿ ಬಂದವರನ್ನ ಕೇಳ್ತಾರೆ.

ಹಾಗಾಗಿ "ಸಣ್ಣ ಹಿಡುವಳಿ" ಅನ್ನೋ ಪದ ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತೆ. ಮಳೆ ಕಮ್ಮಿಯಾಗಿ ನಮ್ಮ ಹೊಲ ಸಣ್ಣದಾಗಲಿಲ್ಲ. ಕೊಡುವಾಗಲೇ ಸಣ್ಣದು ಕೊಟ್ರು, ಕಾಲುವೆ ಕೊನೇಲಿ ಕೊಟ್ರು, ಕೊಟ್ಟಿದ್ದರಲ್ಲಿ ಅರ್ಧ ಕಿತ್ಕೊಂಡ್ರು.

1974ರ ಭೂಸುಧಾರಣೆ "ಉಳುವವನೇ ಹೊಲದೊಡೆಯ" ಅಂತು. ಅದು ದೊಡ್ಡ ಹೆಜ್ಜೆ, ಅರಸು ಅವರಿಗೆ ಋಣ ಇದೆ. ಆದರೆ ಅರ್ಜಿ ಹಾಕೋಕೆ ಗೇಣಿದಾರ ಆಗಿರಬೇಕಿತ್ತು. ನಮ್ಮವರು ಬಹಳಷ್ಟು ಜನ ಗೇಣಿದಾರರೂ ಆಗಿರಲಿಲ್ಲ, ಕೂಲಿಗಳು, ಜೀತದಾಳುಗಳು. ಉಳೋದು ನಾವೇ ಆದ್ರೂ "ಉಳುವವನು" ನಾವಾಗಿರಲಿಲ್ಲ. ಆ ಪದದಲ್ಲಿ ನಾಟಿ ಹಾಕೋ ನಮ್ಮ ಅವ್ವ ಇರಲಿಲ್ಲ, ಕಳೆ ಕೀಳೋ ಚಿಕ್ಕತ್ತೆ ಇರಲಿಲ್ಲ. ಐವತ್ತು ವರ್ಷ ಆದ ಮೇಲೂ ಇಲ್ಲ.

ಅದಕ್ಕೆ ಬದಲು 2020ರಲ್ಲಿ ಏನಾಯ್ತು? ಅದೇ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದುಹಾಕಿದ್ರು. ರೈತರಲ್ಲದವರೂ, ಎಷ್ಟೇ ಆದಾಯ ಇರೋರೂ ಕೃಷಿಭೂಮಿ ಕೊಳ್ಳಬಹುದು. ಈಗ ಮೈಸೂರು–ನಂಜನಗೂಡು ರಸ್ತೆ ಉದ್ದಕ್ಕೂ ಜಮೀನಿನ ಬೋರ್ಡುಗಳು. ವಾರಕ್ಕೊಮ್ಮೆ ಕಾರಲ್ಲಿ ಬಂದು ಮಣ್ಣಿನ ವಾಸನೆ ಬಗ್ಗೆ ಬರೆಯೋರ ಹೆಸರು ಪಹಣಿಯಲ್ಲಿ ಠಾಕುಠೀಕಾಗಿ ಕೂತಿದೆ. ಅವರ ತೋಟದಲ್ಲಿ ಕಳೆ ಕೀಳೋಕೆ ಹೋಗೋದು ನಮ್ಮ ಚಿಕ್ಕತ್ತೆ.

ನಮ್ಮವರಲ್ಲೇ ಕೆಲವು ಗೆಳೆಯರು ಕೇಳ್ತಾರೆ: "ಹಳ್ಳಿ ಬಿಡಿ ಅಂತ ಬಾಬಾಸಾಹೇಬರೇ ಹೇಳಿಲ್ವಾ? ಎಂಟು ಗುಂಟೆಗೆ ಯಾಕೆ ಜಗಳ?" ಹಳ್ಳಿ ಜಾತಿಯ ಗುಂಡಿ ಅಂತ ಅವರು ಹೇಳಿದ್ದು ನಿಜ, ನಾನೂ ಹಾಗೇ ಅಂತೀನಿ. ಆದರೆ ಭೂಮಿ ಬಿಟ್ಟುಕೊಡಿ ಅಂತ ಅವರು ಹೇಳಿಲ್ಲ. 1918ರಲ್ಲೇ ಸಣ್ಣ ಹಿಡುವಳಿ ಬಗ್ಗೆ ಪ್ರಬಂಧ ಬರೆದು, ಎಕರೆ ಲೆಕ್ಕ ಒಂದೇ ನೋಡಬೇಡಿ, ಆ ಭೂಮಿಗೆ ಬಂಡವಾಳ, ಸಲಕರಣೆ ಏನಿದೆ ನೋಡಿ, ಹೆಚ್ಚಾದ ಜನಕ್ಕೆ ಕೈಗಾರಿಕೆಯಲ್ಲಿ ಕೆಲಸ ಕೊಡಿ ಅಂದ್ರು. 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'ನಲ್ಲಿ ಭೂಮಿಯೆಲ್ಲ ಸರ್ಕಾರದ್ದಾಗಲಿ, ಜಾತಿ ನೋಡದೆ ಊರವರಿಗೆ ಸಾಮೂಹಿಕ ಬೇಸಾಯಕ್ಕೆ ಕೊಡಲಿ ಅಂದ್ರು. ಜಮೀನ್ದಾರನೂ ಇರಬಾರದು, ಭೂಮಿಯಿಲ್ಲದ ಕೂಲಿಯೂ ಇರಬಾರದು ಅನ್ನೋ ಲೆಕ್ಕ ಅದು. ನಾವು ಖಾಲಿ ಕೈಲಿ ಊರು ಬಿಟ್ರೆ ನಗರದಲ್ಲಿ ಸಿಗೋದು ಗಾರೆ ಬಾಂಡ್ಲಿ ಮತ್ತು ಡೆಲಿವರಿ ಬ್ಯಾಗು. ಚಿಕ್ಕಪ್ಪನಿಗೂ ತಮ್ಮನಿಗೂ ಸಿಕ್ಕಿದ್ದು ಅದೇ. ಊರು ಬಿಡೋದು ನಮ್ಮ ಆಯ್ಕೆ ಆಗಬೇಕು, ಬೇರೆಯವರು ದಬ್ಬಿದ್ದಾಗಬಾರದು.

ಈಗ ಕೆಲಸದ ಮಾತು.

ಸರ್ಕಾರಕ್ಕೆ: ಪೌತಿ ಖಾತೆಯಲ್ಲಿ ವಂಶವೃಕ್ಷದ ಎಲ್ಲ ಹೆಣ್ಣುಮಕ್ಕಳ ಹೆಸರು ತಾನಾಗೇ ಸೇರಬೇಕು. ಹಕ್ಕು ಬಿಡುಗಡೆ ಪತ್ರ ತನ್ನಿ ಅಂತ ಯಾವ ಕಚೇರಿಯೂ ಬಾಯಿ ಬಿಡಬಾರದು. ಶಿಬಿರ ನಮ್ಮ ಕೇರಿಯಲ್ಲೇ ನಡೀಬೇಕು, ಊರ ಯಜಮಾನರ ಜಗಲಿ ಮೇಲಲ್ಲ. ಪಿಟಿಸಿಎಲ್ ಪ್ರಕರಣಗಳಲ್ಲಿ ತಿದ್ದುಪಡಿ ಉಳಿಸೋಕೆ ಸರ್ಕಾರಿ ವಕೀಲರು ಗಟ್ಟಿಯಾಗಿ ವಾದ ಮಾಡಬೇಕು. ನಾಲೆ ಕೊನೆ ಭಾಗದವರಿಗೆ ನೀರಿನ ಸರದಿ ಮೊದಲೇ ಬರೆದು ಹಾಕಬೇಕು.

ಸಂಘಟನೆಗಳಿಗೆ: ಏಪ್ರಿಲ್ 14ಕ್ಕೆ ಹಾರ ಹಾಕಿ, ಮೆರವಣಿಗೆ ಮಾಡಿ. ಅದಾದ ಮೇಲೆ ಅಂಬೇಡ್ಕರ್ ಭವನದಲ್ಲಿ ಕೂತು ಕೇರಿಯ ಒಂದೊಂದೇ ಸರ್ವೆ ನಂಬರಿನ ಪಹಣಿ ಜೋರಾಗಿ ಓದಿ. ಯಾರ ಹೆಸರಿದೆ, ಯಾರು ಸತ್ತಿದ್ದಾರೆ, ಯಾರು ಗೇಯ್ತಿದ್ದಾರೆ, ಮಂಜೂರಾದ ಜಮೀನು ಈಗ ಯಾರ ಕೈಲಿದೆ ಅಂತ ಬರೆದುಕೊಳ್ಳಿ. ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕಿನಲ್ಲಿ ಈ ವರ್ಷ ಇದನ್ನ ಶುರು ಮಾಡೋಣ. ನಾನು ಬರ್ತೀನಿ, ನಿಮ್ಮೂರಿಗೂ ಕರೀರಿ.

ಗಂಡಸರಿಗೆ ಒಂದೇ ಮಾತು: ಅಕ್ಕತಂಗಿಯರ ಹೆಸರು ಬರೆಸಿ, ಆಮೇಲೆ ಜೈ ಭೀಮ್ ಅನ್ನಿ.

ನಮ್ಮ ಹೊಲದ ಸುದ್ದಿ ಸದ್ಯಕ್ಕೆ ಇಷ್ಟು. ಮುಂದಿನ ಯುಗಾದಿಯೊಳಗೆ ಪಹಣಿಯಲ್ಲಿ ಐದು ಹೆಸರು ಕೂತ್ರೆ ಅದರ ಫೋಟೋ ಖಂಡಿತ ಹಾಕ್ತೀನಿ. ಆಗ ಚೆಂದ ಅನ್ನಿ, ಒಪ್ಕೋತೀನಿ.

ಜೈ ಭೀಮ್.