ಅಂಗೈಯಗಲದ ಪರದೆಗೆ ಗೋಡೆಯಗಲದ ಫೋಟೊ ಯಾಕೆ?

ಅಡಿಕೆ ಧಾರಣೆ ನೋಡೋಣವೆಂದು ಮೊಬೈಲ್‌ನಲ್ಲಿ ವೆಬ್‌ಸೈಟ್ ತೆರೆದರೆ ಮೊದಲು ಇಳಿಯುವುದು ಯಾವುದೋ ಉದ್ಘಾಟನೆಯ ಫೋಟೊ. ಧಾರಣೆಯ ಜಾಗದಲ್ಲಿ ಚಕ್ರ ತಿರುಗುತ್ತಿರುತ್ತದೆ. ಊರವರೆಲ್ಲ ಟವರ್‌ಗೆ ಬೈಯುತ್ತಾರೆ. ಎಷ್ಟೋ ಸಲ ಬೈಯಬೇಕಾದ್ದು ವೆಬ್‌ಸೈಟ್ ಕಟ್ಟಿದವರಿಗೆ.

ಲೆಕ್ಕ ನೋಡಿ. 12 ಮೆಗಾಪಿಕ್ಸೆಲ್ ಫೋಟೊ ಎಂದರೆ 4000 ಪಿಕ್ಸೆಲ್ ಅಗಲ, 3000 ಎತ್ತರ. ಕಡಿಮೆ ಬೆಲೆಯ ಬಹಳಷ್ಟು ಫೋನ್‌ಗಳ ಪರದೆ 720 ಪಿಕ್ಸೆಲ್ ಅಗಲ. ಚಿತ್ರ ಚಿಕ್ಕದಾಗಿ ಕಂಡರೂ ಇಳಿಯುವುದು ಇಡೀ ಫೈಲೇ, ಪರದೆಗೆ ಬೇಕಾದ್ದಕ್ಕಿಂತ ಸುಮಾರು 30 ಪಟ್ಟು ಪಿಕ್ಸೆಲ್. ಆ ಫೈಲ್ 4 ಎಂಬಿ ಇದ್ದು, ದಿನದ ಡೇಟಾ ಮುಗಿದು ವೇಗ 64 ಕೆಬಿಪಿಎಸ್‌ಗೆ ಕುಸಿದಿದ್ದರೆ ಅದೊಂದಕ್ಕೇ ಎಂಟು ನಿಮಿಷ ಬೇಕು.

ಪರಿಹಾರ ಹೊಸದೇನಲ್ಲ. ಒಂದೇ ಫೋಟೊವನ್ನು ಮೂರ್ನಾಲ್ಕು ಅಳತೆಯಲ್ಲಿ ಮಾಡಿಟ್ಟು, ಪುಟದ ಕೋಡ್‌ನಲ್ಲಿ 'ಎಸ್‌ಆರ್‌ಸಿಸೆಟ್' ಎಂದು ಪಟ್ಟಿ ಕೊಟ್ಟರೆ ಸಾಕು, ತಕ್ಕದ್ದನ್ನು ಬ್ರೌಸರೇ ಆರಿಸಿಕೊಳ್ಳುತ್ತದೆ. ಅಳತೆಗಳನ್ನು ತಾನಾಗಿ ಮಾಡಿಕೊಡುವ ಉಚಿತ ಸಾಫ್ಟ್‌ವೇರ್‌ಗಳೂ ಇವೆ.

ಹಾಗಂತ ಎಲ್ಲರಿಗೂ ಮಸುಕು ಚಿತ್ರ ಕೊಡಿ ಎಂದು ನಾವು ಹೇಳುತ್ತಿಲ್ಲ. ಎಲೆಚುಕ್ಕಿ ರೋಗದ ಫೋಟೊ ಹಿಗ್ಗಿಸಿದಾಗ ಚುಕ್ಕಿಯ ಅಂಚು ಸ್ಪಷ್ಟವಾಗಿ ಕಾಣಲೇಬೇಕು. ಅಂಥದಕ್ಕೆ ದೊಡ್ಡ ಅಳತೆ ಇರಲಿ, ಒತ್ತಿದಾಗ ಮಾತ್ರ ಬರಲಿ. ರಿಬ್ಬನ್ ಕತ್ತರಿಸುವವರ ಮುಖಕ್ಕೆ ಅಷ್ಟು ಬೇಡ.

ನಮ್ಮ ತೆರಿಗೆ ಹಣದಲ್ಲಿ ಕಟ್ಟುವ ವೆಬ್‌ಸೈಟ್‌ಗಳ ಟೆಂಡರ್‌ನಲ್ಲೇ ಇದನ್ನು ಷರತ್ತಾಗಿ ಬರೆಯಬೇಕು. ಬಿಲ್‌ಗೆ ಸಹಿ ಹಾಕುವ ಮೊದಲು ಅಧಿಕಾರಿಗಳು ಕಚೇರಿಯ ವೈಫೈ ಬಿಟ್ಟು, ಸಾದಾ ಸ್ಮಾರ್ಟ್‌ಫೋನ್‌ನಲ್ಲಿ ಒಮ್ಮೆ ಆ ಪುಟ ತೆರೆದು ನೋಡಲಿ.